ಮೊಮ್ಮಗಳ ಜ್ವರಕ್ಕೆ ಕಾರಣವಾದ ವೈರಸ್ಸಿನ ಪತ್ತೆ

ಲೆಕ್ಕ ತಪಾಸಣೆಯಲ್ಲೇ ಆಯುಷ್ಯ ಸವೆಸಿದ ನನಗೆ ‘ಕಾರಣ ತಿಳಿದಿಲ್ಲ’ ಎಂಬ ಉತ್ತರವನ್ನು ಒಪ್ಪಿ ಅಭ್ಯಾಸವಿಲ್ಲ. ಜಯನಗರದ ಮಕ್ಕಳ ಡಾಕ್ಟರಮ್ಮ ಕೊಟ್ಟದ್ದು ಅದೇ ಉತ್ತರ! ದಸರೆ ಮುಗಿದಾಗಿನಿಂದ ಮೊಮ್ಮಗಳು ಅದಿತಿಗೆ ಇಳಿಯದ ಜ್ವರ, ಕೆಂಪೇರಿದ ಕಣ್ಣು, ಬಿರಿದ ತುಟಿ. ಕಾಯಿಲೆಯ ಹೆಸರು ಕವಾಸಾಕಿಯಂತೆ. ರಕ್ತನಾಳಗಳು ಊದುತ್ತವೆ; ಹೃದಯದ ನಾಳಗಳೂ ಕೆಡಬಹುದು.

“ಯಾಕೆ ಬಂತು ಡಾಕ್ಟ್ರೇ?”

“ಯಾವುದೋ ವೈರಸ್ಸಿಂದ ಶುರುವಾಗುತ್ತೆ ಅಂತ ಅನುಮಾನ ಅಂಕಲ್. ಯಾವ್ದು ಅಂತ ಇನ್ನೂ ಹುಡುಕ್ತಾನೇ ಇದಾರೆ.”

ಹುಡುಕುತ್ತಲೇ ಇದ್ದಾರಂತೆ! ತನಿಖೆಯನ್ನು ನಾನೇ ವಹಿಸಿಕೊಂಡೆ.

ನವರಾತ್ರಿಯಲ್ಲಿ ಮಗು ಗೊಂಬೆ ನೋಡಲು ನಮ್ಮ ಬೀದಿಯ ಮನೆಮನೆಗೂ ಹೋಗಿತ್ತು. ಅವುಗಳಲ್ಲೊಂದರಲ್ಲಿ ಅಪರಾಧಿಯಿರಲೇಬೇಕು. ಮೊದಲ ಶಂಕಿತರು ಎದುರುಮನೆಯ ಶೇಷಾದ್ರಿ. ತಮ್ಮ ಗೃಹಪ್ರವೇಶದಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ನನಗೆ ಮಾತ್ರ ಕಾಗದದ ಲೋಟದಲ್ಲಿ ಕೊಟ್ಟವರು. ನಾನು ಮರೆತಿಲ್ಲ.

“ಹಬ್ಬದಲ್ಲಿ ನಿಮಗೆ ಶೀತ ಇತ್ತೋ, ಇಲ್ವೋ?”

“ಇತ್ತು ಸಾರ್, ಈಗ್ಲೂ ಇದೆ. ಯಾಕೆ, ಕಷಾಯ ತಂದಿದೀರಾ?” ಎಂದು ನನ್ನ ಮುಖಕ್ಕೇ ಸೀನಿದರು.

ಪಕ್ಕದ ಮನೆಯಾಕೆ, “ಗೊಂಬೆ ಎತ್ತಿಟ್ಟಾಯ್ತಲ್ಲ ಅಂಕಲ್! ಉಸ್ಲೀನೂ ಖಾಲಿ” ಎಂದರು. ನಾನು ಬಿಡದೆ ಅವರ ಅತ್ತೆಯ ಗಂಟಲಿಗೆ ಟಾರ್ಚ್ ಬಿಟ್ಟೆ. ಅವರು ಮನಸಾರೆ ಕೆಮ್ಮಿದರು. ಆ ಬೀದಿಯಲ್ಲಿ ಕೆಮ್ಮದವರೇ ಇರಲಿಲ್ಲ!

“ರೀ, ಮಗು ಆಸ್ಪತ್ರೇಲಿದ್ರೆ ನೀವು ಬೀದಿಯವರ ಮೂಗು ನೋಡ್ಕೊಂಡು ತಿರುಗ್ತಿದೀರಾ?” ಎಂದು ಹೆಂಡತಿ ರೇಗಿದಳು.

“ಸುಮ್ನೆ ಕೂತ್ರೆ ಅದರ ಹೃದಯದ್ದೇ ಯೋಚನೆ ಬರುತ್ತೆ ಕಣೇ.”

ಅವಳು ನನ್ನ ಟಾರ್ಚ್ ಕಿತ್ತುಕೊಂಡು, ಆಸ್ಪತ್ರೆಗೆ ಒಯ್ಯುವ ಫ್ಲಾಸ್ಕನ್ನು ಕೈಗಿತ್ತಳು.

ಹೃದಯದ ಸ್ಕ್ಯಾನ್ ನಡೆದ ದಿನ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕಲ್ಲಾಗಿ ಕುಳಿತಿದ್ದೆವು. ಕೊನೆಗೆ ಡಾಕ್ಟರಮ್ಮ ಬಂದರು.

“ನಾಳಗಳು ಸದ್ಯಕ್ಕೆ ಚೆನ್ನಾಗಿವೆ. ಕೆಲವು ವಾರ ಬಿಟ್ಟು ಇನ್ನೊಂದ್ಸಲ ನೋಡೋಣ.”

ಅಷ್ಟು ದಿನ ಬಿಗಿಹಿಡಿದಿದ್ದ ಉಸಿರು ಹೊರಬಂತು. ಅದರ ಹಿಂದೆಯೇ ಭಯಂಕರವಾದೊಂದು ಸೀನು!

ಡಾಕ್ಟರಮ್ಮ ಹಿಂದೆ ಸರಿದರು. “ಶೀತಾನಾ ಅಂಕಲ್? ಮಗೂಗೆ ಆಸ್ಪಿರಿನ್ ಕೊಡ್ತಿದೀವಿ, ಈಗ ಫ್ಲೂ ಗೀಲೂ ತಗುಲಿದ್ರೆ ಅಪಾಯ. ವಾಸಿಯಾಗೋವರೆಗೂ ನೀವು ಒಳಗೆ ಹೋಗೋ ಹಾಗಿಲ್ಲ.”

“ಅಲ್ಲ, ಅವಳಿಗೆ ಇದು ಎದುರುಮನೆಯಿಂದ...”

“ಆ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ನಿಮ್ಮ ಶೀತ ಅಂಟುತ್ತೆ!”

ಹೆಂಡತಿ ಒಳಗೆ ಹೋದಳು. ಬಾಗಿಲ ಗಾಜಿನಾಚೆಯಿಂದ ಅದಿತಿ, “ತಾತ, ಬಾ!” ಎಂದು ಕೈಬೀಸಿದಳು. ಕರವಸ್ತ್ರದಲ್ಲಿ ಮುಖ ಮುಚ್ಚಿ ತಲೆಯಾಡಿಸಿದೆ. ಇಡೀ ಬೀದಿಯನ್ನು ಜಾಲಾಡಿ, ಸಿಕ್ಕ ವೈರಸ್ಸನ್ನೆಲ್ಲ ಜೋಪಾನವಾಗಿ ಮಗುವಿನ ಬಾಗಿಲವರೆಗೆ ಹೊತ್ತು ತಂದ ಮಹಾನುಭಾವ ನಾನೊಬ್ಬನೇ!