ಕತ್ತಲರಾಯರು ಮೊಲವಾದ ದಿನ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ, ಬಸ್ ಸ್ಟಾಪಿನ ಬೆಂಚಿನ ಮೇಲೆ ಯಾವುದೋ ಮಗು ಮರೆತುಹೋಗಿದ್ದ ಒಂದು ಕೆಂಪು ಸ್ಕೂಲ್ ಬ್ಯಾಗು. ಕಂಡೂ ಕಾಣದ ಹಾಗೆ ಬಸ್ಸು ಹತ್ತಿಬಿಟ್ಟಿದ್ದರೆ ಕತ್ತಲರಾಯರ ಪಾಡಿಗೆ ಕತ್ತಲರಾಯರು ಇರುತ್ತಿದ್ದರು. ಆದರೆ ಒಳ್ಳೆಯವರಿಗೆ ಸುಮ್ಮನಿರುವುದು ಎಲ್ಲಿ ಬರುತ್ತದೆ ಹೇಳಿ.

ಕತ್ತಲರಾಯ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೈದು ವರ್ಷದ ಹಿಂದೆ ಪ್ರತಿ ಭಾನುವಾರ ಸಂಜೆ ರೇಡಿಯೋದಲ್ಲಿ ‘ಮುಚ್ಚಿದ ಕಿಟಕಿ’ ಎಂಬ ಧಾರಾವಾಹಿ ಬರುತ್ತಿತ್ತು. ಅದರ ಕೊಲೆಗಡುಕನೇ ಕತ್ತಲರಾಯ. ಅವನು “ದೀಪ ಆರಿಸ್ಲಾ?” ಎಂದು ನಿಧಾನವಾಗಿ ಕೇಳಿ, ಹೊಟ್ಟೆಯ ಆಳದಿಂದ ಒಂದು ನಗು ನಕ್ಕನೆಂದರೆ ಮನೆಮನೆಯ ಮಕ್ಕಳು ಮಂಚದ ಕೆಳಗೆ ಸೇರುತ್ತಿದ್ದರು. ಅವರನ್ನು ಹುಡುಕುವ ನೆಪದಲ್ಲಿ ದೊಡ್ಡವರೂ ಅದೇ ಮಂಚದ ಕೆಳಗೆ. ಆ ಧ್ವನಿಯ ಒಡೆಯರೋ, ಹಲ್ಲಿ ಲೊಚಗುಟ್ಟಿದರೂ ಕುರ್ಚಿಯ ಮೇಲೆ ಕಾಲೆತ್ತಿಕೊಳ್ಳುವ ಸಾಧು ಪ್ರಾಣಿ. ಈಗ ಅರವತ್ತೆಂಟು. ಮೈ ಒಣಗಿ ಕೊಡೆಕಡ್ಡಿಯಾಗಿದೆ, ಧ್ವನಿ ಮಾತ್ರ ಒಂದಿಷ್ಟೂ ಮುಕ್ಕಾಗಿಲ್ಲ.

ಅದೇ ಅವರ ಪಾಲಿಗೆ ಶನಿಯಾಗಿತ್ತು. ತಿಂಗಳ ಹಿಂದೆ ಮಗಳು ಕೆಲಸ ಬದಲಾಯಿಸಿಕೊಂಡು, ನಾಲ್ಕು ವರ್ಷದ ಮೊಮ್ಮಗಳ ಸಮೇತ ಇವರ ಜೊತೆ ಇರಲು ಬಂದಳು. ರಾಯರು ಬಾಗಿಲಲ್ಲೇ ಎರಡೂ ಕೈ ಚಾಚಿ “ಬಾ ಪುಟ್ಟೀ” ಎಂದರು, ಅಷ್ಟೆ. ಮಗು ಕಿಟ್ಟನೆ ಕಿರುಚಿ ಪರದೆಯ ಹಿಂದೆ ಹೋದದ್ದು, ತಾತ ಇರುವ ಕೋಣೆಗೆ ಆಮೇಲೆ ಬರಲೇ ಇಲ್ಲ. ಅಂದಿನಿಂದ ರಾಯರು ಸ್ವಂತ ಮನೆಯಲ್ಲಿ ಮೂಗರಾಗಿದ್ದರು. ಕಾಫಿ ಬೇಕೆಂದರೆ ಚೀಟಿ ಬರೆಯುವುದು, ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕೆಮ್ಮುವುದು. ಮೊಮ್ಮಗಳನ್ನು ಒಮ್ಮೆಯಾದರೂ ತೊಡೆಯ ಮೇಲೆ ಕೂರಿಸಿಕೊಳ್ಳಬೇಕೆಂಬ ಆಸೆಯಲ್ಲಿ ಮುದುಕರು ಸೊರಗಿಹೋಗಿದ್ದರು.

ಅಂಥ ಹೊತ್ತಿನಲ್ಲಿ ಸ್ಟುಡಿಯೋದಿಂದ ಕರೆ ಬಂತು. ಟಿ.ವಿ.ಯಲ್ಲಿ ಪುಟ್ಟಿ ಕಣ್ಣು ಮಿಟುಕಿಸದೆ ನೋಡುವ ಮೊಲಗಳ ಕಾರ್ಟೂನಿಗೆ ಹೊಸದಾಗಿ ಒಬ್ಬ ಮೊಲ ತಾತ ಬರುತ್ತಾನಂತೆ, ಅವನಿಗೆ ಧ್ವನಿ ಕೊಡಬೇಕಂತೆ.

“ಪುಟ್ಟೀ, ನಿನ್ ತಾತನೇ ಮೊಲ ತಾತ ಆಗ್ತಾರಂತೆ ಕಣೇ” ಎಂದಳು ಮಗಳು.

“ಸುಳ್ಳು” ಎಂದಿತು ಪರದೆ.

“ದೇವರಾಣೆ ನಿಜ. ನೀನೇ ಬಂದು ಕೇಳು ಬೇಕಾದ್ರೆ.”

ಪರದೆ ಸ್ವಲ್ಪ ಹೊತ್ತು ಯೋಚಿಸಿತು. “ಮೊಲ ತಾತ ಆದ್ರೆ ತೊಡೆ ಮೇಲೆ ಕೂತ್ಕೋತೀನಿ. ಇಲ್ಲಾಂದ್ರೆ ಇಲ್ಲ.”

ಆ ಮಾತು ಕೇಳಿದಂದಿನಿಂದ ರಾಯರಿಗೆ ಬೇರೆ ಕೆಲಸವೇ ಇಲ್ಲ. ವಾರವೆಲ್ಲ ಬಚ್ಚಲಿನ ಕನ್ನಡಿಯ ಮುಂದೆ ನಿಂತು “ಮಕ್ಕಳೇ, ಕ್ಯಾರೆಟ್ ತಿನ್ನೋಣ ಬನ್ನಿ” ಎಂದು ಅಭ್ಯಾಸ ಮಾಡಿದರು. ಎಷ್ಟು ಮೆತ್ತಗೆ ಹೇಳಿದರೂ ಅದು ಕ್ಯಾರೆಟ್ಟಿಗೆ ಮರಣದಂಡನೆ ವಿಧಿಸಿದ ಹಾಗೆ ಕೇಳಿಸುತ್ತಿತ್ತು.

ಇವತ್ತು ಎರಡು ಗಂಟೆಗೆ ರೆಕಾರ್ಡಿಂಗ್. ಮಗಳು, ಮೊಮ್ಮಗಳು ನೇರವಾಗಿ ಸ್ಟುಡಿಯೋಗೆ ಬರುವವರು. ರಾಯರು ಒಬ್ಬರೇ ಹೊರಟರೆ ಬಿಡುವವರಾರು? ಎದುರುಮನೆ ಟೈಲರ್ ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡೇ ಓಡಿಬಂದ. ‘ಮುಚ್ಚಿದ ಕಿಟಕಿ’ಯ ನೂರಾನಾಲ್ಕು ಕಂತನ್ನೂ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡವನು ಅವನು. ಕತ್ತಲರಾಯ ಅಭಿಮಾನಿ ಸಂಘಕ್ಕೆ ಅವನೇ ಅಧ್ಯಕ್ಷ, ಅವನ ಹೆಂಡತಿ ಖಜಾಂಚಿ. ಮೂರನೆಯವರು ಇನ್ನೂ ಸೇರಿರಲಿಲ್ಲ.

ಬೆಂಚಿನ ಮೇಲಿದ್ದ ಬ್ಯಾಗನ್ನು ಮೊದಲು ನೋಡಿದವನೂ ಅವನೇ. ಒಳಗೆ ನೋಟ್‌ಬುಕ್ಕಿನ ಮೇಲೆ ಮಗುವಿನ ಹೆಸರು, ಅಮ್ಮನ ಫೋನ್ ನಂಬರು.

“ಫೋನ್ ನೀವೇ ಮಾಡಿ ರಾಯರೇ.”

“ಬೇಡಪ್ಪ. ನೀನೇ ಮಾಡು. ನನ್ ಧ್ವನಿ ಗೊತ್ತಲ್ಲ ನಿಂಗೆ.”

“ಅದಕ್ಕೇ ಹೇಳಿದ್ದು! ಆ ತಾಯಿ ಏನ್ ಪುಣ್ಯ ಮಾಡಿದ್ರೋ, ಮನೇಲಿ ಕೂತೇ ನಿಮ್ಮ ಧ್ವನಿ ಕೇಳ್ತಾರೆ. ತಗೊಳ್ಳಿ, ರಿಂಗ್ ಆಗ್ತಿದೆ.”

ರಾಯರು ಫೋನನ್ನು ಬಿಸಿ ಪಾತ್ರೆಯಂತೆ ಹಿಡಿದುಕೊಂಡರು. ಆ ಕಡೆಯಿಂದ “ಹಲೋ” ಎಂದಿತು ಹೆಣ್ಣು ಧ್ವನಿ.

“ಅಮ್ಮಾ, ನಿಮ್ಮ ಮಗಳ ಬ್ಯಾಗು ನನ್ ಹತ್ರ ಇದೆ” ಎಂದರು ರಾಯರು.

ಆ ಕಡೆ ಉಸಿರಿಲ್ಲ.

“ಹೆದರ್ಕೋಬೇಡಿ. ನಿಮ್ಮ ಮಗಳು ಬಸ್ ಹತ್ತೋ ಸ್ಟಾಪಿಗೆ ಬನ್ನಿ. ಹನ್ನೆರಡೂವರೆ ಒಳಗೆ ಬರ್ಬೇಕು. ಆಮೇಲೆ ನಾನು ಸಿಗಲ್ಲ.” ಇನ್ನೂ ಉಸಿರಿಲ್ಲದ್ದನ್ನು ಕಂಡು, ಸಮಾಧಾನ ಹೇಳೋಣವೆಂದು ಒಂದು ಮಾತು ಸೇರಿಸಿದರು. “ಪೊಲೀಸ್ ಸ್ಟೇಷನ್ನಿಗೆಲ್ಲ ಯಾಕೆ ಹೋಗ್ಬೇಕು, ಅಲ್ವಾ? ನಮ್ಮನಮ್ಮಲ್ಲೇ ಮುಗಿಸ್ಕೊಳ್ಳೋಣ.”

ಆ ಕಡೆ ಏನೋ ಧೊಪ್ಪನೆ ಬಿದ್ದ ಸದ್ದಾಯಿತು. ಫೋನು ಕಟ್ಟಾಯಿತು.

“ಎಷ್ಟು ಚೆನ್ನಾಗ್ ಮಾತಾಡಿದ್ರಿ!” ಎಂದು ಟೈಲರ್ ಕಣ್ಣೊರೆಸಿಕೊಂಡ. “ಎಪ್ಪತ್ತೊಂದನೇ ಕಂತು ನೆನಪಾಯ್ತು.”

ತಾಯಿ ಬರಲಿಲ್ಲ. ಕಾಲು ಗಂಟೆಯಲ್ಲಿ ಪೊಲೀಸ್ ಜೀಪು ಬಂತು. ನಾಲ್ಕು ಜನ ಧುಮುಕಿದರು. ಒಬ್ಬ ಬ್ಯಾಗು ಕಿತ್ತುಕೊಂಡ, ಒಬ್ಬ ರಾಯರ ರಟ್ಟೆ ಹಿಡಿದ. ಟೈಲರ್ ಯಾರೂ ಕರೆಯದೆ ತಾನೇ ಜೀಪು ಹತ್ತಿ ಕೂತ. ಬಸ್ಸಿಗೆ ಕಾಯುತ್ತಿದ್ದವರೆಲ್ಲ “ನಂಗೆ ಆಗ್ಲೇ ಅನುಮಾನ ಇತ್ತು” ಎಂದರು. ಒಬ್ಬಾಕೆಯಂತೂ “ಮುಖ ನೋಡಿದ್ರೇ ಗೊತ್ತಾಗುತ್ತೆ” ಎಂದಳು. ರಾಯರ ಮುಖ ನೋಡಿದರೆ ಗೊತ್ತಾಗುತ್ತಿದ್ದದ್ದು ಒಂದೇ, ಇನ್ನೇನು ಮೂರ್ಛೆ ಹೋಗುತ್ತಾರೆ ಎನ್ನುವುದು.

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರರ ಮೇಜಿನ ಪಕ್ಕ ಆ ತಾಯಿ ಬಿಕ್ಕುತ್ತಾ ಕೂತಿದ್ದರು. ಸ್ಕೂಲಿಗೆ ಎಷ್ಟು ಸಲ ಫೋನ್ ಮಾಡಿದರೂ ಎಂಗೇಜ್ ಬರುತ್ತಿತ್ತು. ಒಬ್ಬ ಕಾನ್ಸ್‌ಟೇಬಲ್ಲನ್ನು ಅಲ್ಲಿಗೆ ಓಡಿಸಿದ್ದರು.

“ಯಾರಯ್ಯಾ ನೀನು? ಮಗು ಎಲ್ಲಿ?” ಇನ್ಸ್‌ಪೆಕ್ಟರ್ ಮೇಜು ಗುದ್ದಿದರು. ಮಸಿಕುಡಿಕೆ ಹಾರಿತು. ರಾಯರ ಪ್ರಾಣವೂ ಅದರ ಜೊತೆಗೇ ಹಾರಿ, ಅದರಷ್ಟು ಸಲೀಸಾಗಿ ವಾಪಸು ಬರಲಿಲ್ಲ.

“ನಾ... ನಾನು... ಬ್ಯಾಗು...” ಎಂದರು ರಾಯರು.

ಎಂದವರು ತಾವೇ ಬೆಚ್ಚಿಬಿದ್ದರು. ಬಾಯಿಂದ ಬಂದದ್ದು ತಮ್ಮ ಧ್ವನಿಯೇ ಅಲ್ಲ. ಹೆದರಿಕೆಗೆ ಗಂಟಲು ಹಿಡಿದುಕೊಂಡು ದಾರದೆಳೆಯಷ್ಟು ಸಣ್ಣಗೆ, ನಡುಗುತ್ತಾ, ಕೀಚಲಾಗಿ ಬಂದಿತ್ತು.

ಆ ತಾಯಿ ತಲೆಯೆತ್ತಿ ನೋಡಿದರು. “ಇವರಲ್ಲ ಸಾರ್. ಅವನ ಧ್ವನಿ... ಅಬ್ಬಾ, ಪಾತಾಳದಿಂದ ಬಂದ್ಹಾಗಿತ್ತು. ಪಾಪ, ಇವರದ್ದು ಗುಬ್ಬಚ್ಚಿ ಧ್ವನಿ.”

ಇನ್ಸ್‌ಪೆಕ್ಟರ್ ನಿಟ್ಟುಸಿರುಬಿಟ್ಟರು. “ಬ್ಯಾಗು ಸಿಕ್ಕಿದ್ದಕ್ಕೆ ಕಾಯ್ತಾ ಕೂತಿದ್ರೇನೋ, ಪಾಪ. ಕಳಿಸ್ರಯ್ಯಾ ಮುದುಕರನ್ನ.”

ರಾಯರು ಕೈಮುಗಿದು ಬಾಗಿಲವರೆಗೆ ಬಂದೂ ಆಗಿತ್ತು. ಗಂಡಾಂತರ ಕಳೆಯಿತು ಅನ್ನುವಷ್ಟರಲ್ಲಿ ಹಿಂದಿನಿಂದ ಸಿಡಿಲೆರಗಿತು.

“ಏನಂದ್ರಿ ಮೇಡಂ? ಗುಬ್ಬಚ್ಚಿನಾ?” ಟೈಲರ್ ಅವಮಾನದಿಂದ ಕೆಂಪಾಗಿದ್ದ. “ಯಾರನ್ನ ಗುಬ್ಬಚ್ಚಿ ಅಂತಿದೀರಾ ನೀವು? ನಿಮಗೆ ಫೋನ್ ಮಾಡಿದ್ದು ಇವರೇ! ಇವರೇ! ನಾನೇ ಪಕ್ಕದಲ್ಲಿ ನಿಂತು ಕೇಳಿದೀನಿ!”

“ಲೋ, ಬಾಯ್ಮುಚ್ಚೋ” ಎಂದರು ರಾಯರು, ಕೀಚಲಾಗಿ.

“ನೀವ್ ಸುಮ್ನಿರಿ ರಾಯರೇ, ಯಾರೇನಂದ್ರೂ ಕೇಳ್ಕೊಂಡಿರೋದೇ ಆಯ್ತು ನಿಮ್ದು. ಸಾರ್, ಇವರು ಕತ್ತಲರಾಯ! ಸಾಕ್ಷಾತ್ ಕತ್ತಲರಾಯ!”

ಇನ್ಸ್‌ಪೆಕ್ಟರ್ ನಿಧಾನವಾಗಿ ಎದ್ದುನಿಂತರು. ತಮ್ಮ ಕಥೆ ಮುಗಿಯಿತೆಂದು ರಾಯರು ಗೋಡೆಗೊರಗಿದರು.

“‘ಮುಚ್ಚಿದ ಕಿಟಕಿ’ ಕತ್ತಲರಾಯ?”

“ಅವರೇ!”

ಇನ್ಸ್‌ಪೆಕ್ಟರರ ಕಣ್ಣಲ್ಲಿ ನೀರಾಡಿತು. “ಏಳು ವರ್ಷದವನಾಗಿದ್ದಾಗ ನಿಮ್ಮ ನಗು ಕೇಳಿ ನಾನು ಗೋಧಿ ಡಬ್ಬದೊಳಗೆ ಕೂತ್ಕೊಂಡಿದ್ದೆ ಸಾರ್. ನಮ್ಮಮ್ಮ ರಾತ್ರಿ ಊಟದ ಹೊತ್ತಿಗೆ ಹುಡುಕಿ ತೆಗೆದ್ರು. ಆ ಭಯ ಹೋಗ್ಲಿ ಅಂತಾನೇ ನಾನು ಪೊಲೀಸ್ ಆಗಿದ್ದು!”

ಅಷ್ಟರಲ್ಲಿ ಶಾಲೆಗೆ ಹೋಗಿದ್ದ ಕಾನ್ಸ್‌ಟೇಬಲ್ ಫೋನ್ ಮಾಡಿದ. ಮಗು ತರಗತಿಯಲ್ಲೇ ಇದೆ, ಬ್ಯಾಗಿಲ್ಲದ್ದಕ್ಕೆ ಟೀಚರು ಬೆಂಚಿನ ಮೇಲೆ ನಿಲ್ಲಿಸಿದ್ದಾರೆ, ಅಷ್ಟೆ. ತಾಯಿ ಕಣ್ಣೊರೆಸಿಕೊಂಡು, ರಾಯರಿಗೆ ಕೈಮುಗಿದು ಬ್ಯಾಗು ತೆಗೆದುಕೊಂಡು ಓಡಿದರು. ಎಲ್ಲ ಸುಸೂತ್ರವಾಯಿತು ಎನ್ನಬೇಕಷ್ಟೆ.

“ಸಾರ್, ಒಂದೇ ಒಂದ್ಸಲ ನಗಿ” ಎಂದರು ಇನ್ಸ್‌ಪೆಕ್ಟರ್. ಸ್ಟೇಷನ್ನಿನವರೆಲ್ಲ ಸುತ್ತ ನೆರೆದರು. ಲಾಕಪ್ಪಿನ ಇಬ್ಬರು ಕಳ್ಳರೂ ಸರಳಿಗೆ ಕಿವಿಯಿಟ್ಟರು.

ರಾಯರು ಹೊಟ್ಟೆಯಿಂದ ಎಳೆದು ತೆಗೆದು ನಕ್ಕರು. “ಹಿಹ್ಹಿ... ಹಿಹ್ಹಿ...”

ಕಳ್ಳರಲ್ಲೊಬ್ಬ “ಥೂ” ಎಂದು ತಿರುಗಿ ಕೂತ.

ಇನ್ಸ್‌ಪೆಕ್ಟರರ ಹುಬ್ಬು ಗಂಟಾಯಿತು. “ಇದು ಕತ್ತಲರಾಯರ ನಗು ಅಲ್ಲ. ಏನ್ರೀ ಇದು? ಅಂಥಾ ದೊಡ್ಡ ಕಲಾವಿದರ ಹೆಸರು ಹೇಳ್ಕೊಂಡು ತಿರುಗ್ತಿದೀರಾ? ಅದಕ್ಕೂ ಕೇಸಿದೆ, ಗೊತ್ತಾ?”

“ಅಯ್ಯೋ, ನಾನೇ ಸ್ವಾಮಿ! ಹೆದರಿಕೆಗೆ ಹೀಗಾಗಿದೆ. ಎರಡು ಗಂಟೆಗೆ ರೆಕಾರ್ಡಿಂಗ್ ಇದೆ, ನನ್ನ ಮೊಮ್ಮಗಳು ಕಾಯ್ತಿರ್ತಾಳೆ, ಬಿಟ್ಬಿಡಿ...”

“ರೆಕಾರ್ಡಿಂಗ್? ಸರಿ, ನಾನೇ ಕರ್ಕೊಂಡ್ಹೋಗ್ತೀನಿ. ಅಲ್ಲಿ ನೀವು ಕತ್ತಲರಾಯ ಅಂತ ನಂಗೆ ಖಾತ್ರಿಯಾದ್ರೆ ಕಾಲಿಗೆ ಬೀಳ್ತೀನಿ. ಇಲ್ಲಾಂದ್ರೆ ಅದೇ ಜೀಪಲ್ಲಿ ವಾಪಸ್ಸು.”

ಜೀಪು ಸೈರನ್ ಹಾಕಿಕೊಂಡು, ಎದುರು ಬಂದವರನ್ನೆಲ್ಲ ಫುಟ್‌ಪಾತಿಗೆ ಹತ್ತಿಸುತ್ತಾ ಓಡಿತು. ಸ್ಟುಡಿಯೋ ತಲುಪುವ ಹೊತ್ತಿಗೆ ರಾಯರಲ್ಲಿದ್ದ ಅಷ್ಟಿಷ್ಟು ಧೈರ್ಯವೂ ದಾರಿಯ ಗುಂಡಿಗಳಲ್ಲಿ ಚೆಲ್ಲಿಹೋಗಿತ್ತು.

ಗಾಜಿನ ಆಚೆ ಸಾಲಾಗಿ ನಿಂತಿದ್ದರು. ಮಗಳು, ಅವಳ ಸೆರಗಿನೊಳಗೆ ಪುಟ್ಟಿ, ಕೈಕಟ್ಟಿದ ಇನ್ಸ್‌ಪೆಕ್ಟರ್, ಅಳತೆ ಟೇಪಿನ ಟೈಲರ್. ಮಧ್ಯೆ ಕಿವಿಗೆ ಹೆಡ್‌ಫೋನ್ ಹಾಕಿದ ನಿರ್ದೇಶಕಿ, ಇನ್ನೂ ಮೂವತ್ತು ದಾಟದ ಹುಡುಗಿ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ರಾಯರು ಮೈಕಿನ ಮುಂದಿನ ಕುರ್ಚಿಯಲ್ಲಿ ಕೂತು ಹಾಳೆಗಳನ್ನು ಬಿಡಿಸಿಕೊಂಡರು.

“ಮಕ್ಕಳೇ... ಕ್ಯಾರೆಟ್ ತಿನ್ನೋಣ... ಬನ್ನಿ...”

ಏನು ಹೇಳೋಣ! ಅದು ಸಾಕ್ಷಾತ್ ಮೊಲ. ಮೀಸೆ ನಡುಗುವುದು, ಮೂಗು ಅದುರುವುದು ಎಲ್ಲ ಕಿವಿಗೇ ಕಾಣಿಸುತ್ತಿತ್ತು. ಇನ್ಸ್‌ಪೆಕ್ಟರ್ ಗಾಜಿನಾಚೆ ‘ಅಲ್ಲ, ಅಲ್ಲ’ ಎಂದು ತಲೆಯಾಡಿಸಿದಷ್ಟೂ ರಾಯರು ಇನ್ನಷ್ಟು ಮೊಲವಾದರು. ಹದಿನಾಲ್ಕು ಪುಟ ಒಂದೇ ಉಸಿರಿನಲ್ಲಿ ಮುಗಿಯಿತು.

ಬಾಗಿಲು ತೆರೆದುಕೊಂಡಿತು. ಪುಟ್ಟ ಕಾಲುಗಳು ಪಟಪಟ ಓಡಿಬಂದವು.

“ಮೊಲ ತಾತಾ!”

ಪುಟ್ಟಿ ಕುರ್ಚಿ ಹತ್ತಿ, ತೊಡೆಯ ಮೇಲೆ ಕೂತು, ಎರಡೂ ಕೈಯಿಂದ ತಾತನ ಕೆನ್ನೆ ಹಿಡಿದಳು. ಒಂದು ತಿಂಗಳಿಂದ ಕಾದ ಭಾರ ಅದು, ಹನ್ನೆರಡು ಕಿಲೋ ಇದ್ದೀತು. ರಾಯರ ಎದೆಯೊಳಗೆ ಏನೋ ಬೆಚ್ಚಗೆ ಹರಿಯಿತು. ಪೊಲೀಸು, ಜೀಪು, ಲಾಕಪ್ಪು ಎಲ್ಲ ಮರೆತೇಹೋಯಿತು. ಹಿಡಿದುಕೊಂಡಿದ್ದ ಗಂಟಲು ಮೆಲ್ಲಗೆ ಸಡಿಲವಾಯಿತು.

ನಿರ್ದೇಶಕಿ ಒಂದು ಹಾಳೆ ಹಿಡಿದು ಒಳಗೆ ಬಂದಳು. “ಅದ್ಭುತ ಸಾರ್! ಇನ್ನೊಂದೇ ಪುಟ ಇದೆ. ಬೇಕಂತಲೇ ನಿಮಗೆ ಕಳಿಸಿರ್ಲಿಲ್ಲ. ಮೊದಲೇ ಗೊತ್ತಾದ್ರೆ ಧ್ವನೀಲಿ ಸುಳಿವು ಬಿಟ್ಕೊಡ್ತೀರೇನೋ ಅಂತ. ಕೊನೇಲಿ ಮೊಲ ತಾತ ಚರ್ಮ ಕಳಚ್ತಾನೆ ಸಾರ್. ಒಳಗಿರೋದು ತೋಳ! ನಮ್ಮಪ್ಪ ರೆಕಾರ್ಡ್ ಮಾಡಿಟ್ಟಿದ್ದ ‘ಮುಚ್ಚಿದ ಕಿಟಕಿ’ ಕೇಳಿ ಬೆಳೆದವಳು ನಾನು, ನಿಮ್ಮ ದೊಡ್ಡ ಅಭಿಮಾನಿ. ನಿಮ್ಮನ್ನ ಕರೆಸಿ ಬರೀ ಮೊಲ ಮಾಡ್ತೀನಾ?”

ರಾಯರು ಆ ಹಾಳೆಯನ್ನು ದೂರ ತಳ್ಳಿದರು. “ಬೇಡಮ್ಮಾ!” ಎಂದರು.

ಕೋಣೆಯ ಗಾಜು ಅದುರಿತು. ಪಾತಾಳದಿಂದ, ಮೂವತ್ತೈದು ವರ್ಷದ ಹಿಂದಿನ ಅದೇ ಭಾನುವಾರದ ಸಂಜೆಯಿಂದ ಎದ್ದುಬಂದಿತ್ತು ಆ ಧ್ವನಿ. ಆಚೆ ಇನ್ಸ್‌ಪೆಕ್ಟರ್ ಸೆಟೆದು ನಿಂತು ಸೆಲ್ಯೂಟ್ ಹೊಡೆದರು.

ಪುಟ್ಟಿ ಕೆನ್ನೆಯಿಂದ ಕೈ ತೆಗೆದಳು. ಮೆಲ್ಲಗೆ ತೊಡೆಯಿಂದ ಜಾರಿದಳು. ಹಿಂದೆ ಹಿಂದೆ ಹೆಜ್ಜೆಯಿಟ್ಟಳು.

ರಾಯರು ಮಂಡಿಯೂರಿ ಕೈ ಚಾಚಿದರು. ಮೊಲದ ಧ್ವನಿಗಾಗಿ ಗಂಟಲೆಲ್ಲ ತಡಕಾಡಿದರು. ಎಲ್ಲಿಯೂ ಇರಲಿಲ್ಲ. ಇದ್ದದ್ದರಲ್ಲೇ ಬೇಡಿಕೊಂಡರು. “ಪುಟ್ಟೀ... ನಾನೇ ಕಣಮ್ಮಾ, ಮೊಲ ತಾತ. ಹೆದರ್ಬೇಡ. ಹತ್ರ ಬಾ. ಬಾ ಪುಟ್ಟೀ...”

ಮಗು ಕಿಟ್ಟನೆ ಕಿರುಚಿ ಬಾಗಿಲಾಚೆ ಓಡಿತು.

ನಿರ್ದೇಶಕಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಗೋಡೆಯ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಲೇ ಇತ್ತು.

“ಓಕೆ ಸಾರ್” ಎಂದಳು ಅವಳು ಪಿಸುದನಿಯಲ್ಲಿ. “ನಾನು ಬರೆದಿರೋದಕ್ಕಿಂತ ಇದೇ ಚೆನ್ನಾಗಿದೆ. ಮಗು ಕಿರುಚಿದ್ದೂ ಸೇರಿಸಿ ಹಾಗೇ ಇಟ್ಕೊಳ್ತೀನಿ.”