ಡಾಕ್ಟರ ಕೈಗೆ ಟವಲ್ಲು ಹೊದಿಸಿದ್ದು

ನಾಲ್ಕನೇ ಕ್ಲಾಸಿಗೇ ಸ್ಲೇಟು ಎಸೆದು ದನದ ವ್ಯಾಪಾರಕ್ಕೆ ಇಳಿದವನು ನಾನು. ಹೊಣಕೆರೆಯಿಂದ ಶೀಳನೆರೆವರೆಗೆ ಯಾವ ಕೊಟ್ಟಿಗೆಯಲ್ಲಿ ಯಾವ ಎತ್ತು ಮಾರಾಟಕ್ಕಿದೆ ಎಂದು ನನ್ನನ್ನು ಕೇಳಬೇಕು. ಹಲ್ಲು ನೋಡಿ ವಯಸ್ಸು ಹೇಳುತ್ತೇನೆ, ಸುಳಿ ನೋಡಿ ಗುಣ ಹೇಳುತ್ತೇನೆ. ಹೊತ್ತಾರೆಯಿಂದ ಬೈಗಿನವರೆಗೆ ದುಡಿದು ಹೆಂಚಿನ ಮನೆ ಕಟ್ಟಿದ್ದೇನೆ. ವ್ಯಾಪಾರದಲ್ಲಿ ಯಾರೂ ನನ್ನ ತಲೆ ಸವರಿದ್ದಿಲ್ಲ. ಇಂಥ ನನಗೆ ಒಬ್ಬ ಡಾಕ್ಟರು ಯಾವ ಲೆಕ್ಕ?

ಹೀಗೆಂದುಕೊಂಡೇ ಹೋದೆ ನೋಡಿ!

ನನ್ನ ಹೆಂಡತಿ ಜಯಮ್ಮನಿಗೆ ಸೊಂಟದ ಪಕ್ಕ ಆಗಾಗ ನೋವು ಬರುತ್ತಿತ್ತು. ಜೀರಿಗೆ ಕಷಾಯ ಕುಡಿದು ಸುಮ್ಮನಾಗುತ್ತಿದ್ದಳು. ಒಂದು ಬೆಳಿಗ್ಗೆ ಹಾಲು ಕರೆಯುತ್ತಾ ಕೂತಿದ್ದವಳು ಹಾಗೇ ಪಕ್ಕಕ್ಕೆ ಒರಗಿಬಿಟ್ಟಳು. ಹೆರಿಗೆಯಲ್ಲೂ ಹಲ್ಲು ಕಚ್ಚಿಕೊಂಡಿದ್ದ ಹೆಂಗಸು ಅವತ್ತು "ಅಯ್ಯಪ್ಪೋ" ಎಂದು ಕೂಗಿದಳು.  ನಾನು ಹೆದರಿದೆ ಎಂದು ಯಾರಿಗೂ ತೋರಿಸಿಕೊಳ್ಳಲಿಲ್ಲ.

"ಸರ್ಕಾರಿ ಆಸ್ಪತ್ರೆಗೆ ಓಗಾನ ನಡೀರಿ" ಎಂದಳು.

ನನ್ನ ಹೆಂಡತಿ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದೇ? ಛೆ! ನಮ್ಮ ದನ ಸಾಗಿಸುವ ಟೆಂಪೋದ ಡ್ರೈವರು ಬಾಬುವನ್ನು ಕರೆಸಿದೆ. ನಮ್ಮೂರು ಸಿಂಧಘಟ್ಟದಿಂದ ಸೀದಾ ಪೇಟೆಗೆ, ಹೊಸದಾಗಿ ತೆರೆದಿದ್ದ ನರ್ಸಿಂಗ್ ಹೋಮಿಗೆ ಹೊಡೆಸಿದೆ.

ಆ ಕಟ್ಟಡದ ವ್ಯವಸ್ಥೆಯೇ ವ್ಯವಸ್ಥೆ! ಮುಂದೆ ಮೆಡಿಕಲ್ ಸ್ಟೋರು, ಪಕ್ಕದಲ್ಲಿ ರಕ್ತ ಪರೀಕ್ಷೆ, ಹಿಂದೆ ಎಕ್ಸರೇ, ಒಳಗೆ ತಣ್ಣನೆಯ ರೂಮಿನಲ್ಲಿ ಸ್ಕ್ಯಾನಿಂಗ್ ಮಿಷನ್ನು. ಒಳಗೆ ಹೋದ ದನಕ್ಕೆ ಹೊರಗಿನ ಮೇವೇ ಬೇಕಾಗಿಲ್ಲ. ಜಯಮ್ಮನನ್ನು ಎಲ್ಲ ಬಾಗಿಲೊಳಗೂ ಹೊಗಿಸಿ ತೆಗೆದರು. ಕೊನೆಗೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಹುಡುಗು ವಯಸ್ಸು, ನಿದ್ದೆಗೆಟ್ಟ ಮುಖ.

"ಕಿಡ್ನಿ ದಾರೀಲಿ ಕಲ್ಲಿದೆ. ಆಪರೇಷನ್ ಮಾಡಿ ತೆಗೀಬಹುದು. ಖರ್ಚಿನ ವಿಷಯ ಕೌಂಟರಿನಲ್ಲಿ ಕೇಳಿ."

ಕೌಂಟರಿನಲ್ಲಿದ್ದ ಹುಡುಗಿ ಮೊತ್ತವನ್ನು ಹತ್ತೂರಿಗೆ ಕೇಳುವಂತೆ ಹೇಳಿದಳು. ಎರಡು ಜೊತೆ ಒಳ್ಳೆಯ ಹೋರಿ ಬರುತ್ತಿದ್ದವು ಆ ದುಡ್ಡಿಗೆ! ನನಗೆ ಮೊತ್ತಕ್ಕಿಂತ ಅವಳು ಕೂಗಿದ್ದೇ ಅವಮಾನವಾಯಿತು. ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದುಂಟೇ? ಕೈ ಮೇಲೆ ಟವಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತೇವೆ. ಇಂತಿಷ್ಟು ಬೆರಳಿಗೆ ಇಂತಿಷ್ಟು ದುಡ್ಡು. ಕೊಡುವವನಿಗೂ ಮರ್ಯಾದೆ, ಕೊಳ್ಳುವವನಿಗೂ ಮರ್ಯಾದೆ.

ಮೊದಲು ಒಂದು ಹಳೆಯ ಪಟ್ಟು ಹಾಕಿದೆ. ಬೆಲೆ ಜಾಸ್ತಿಯಾದರೆ ಎದ್ದು ಹೊರಡಬೇಕು. ಮಾರುವವನು ಹಿಂದೆಯೇ ಓಡಿ ಬಂದು ಕರೆಯುತ್ತಾನೆ. ಇದು ಎಂದೂ ಸೋತ ಪಟ್ಟಲ್ಲ.

"ಏಳಮ್ಮಿ, ಓಗಾನ. ಊರಲ್ಲಿ ಇದೊಂದೇನಾ ಆಸ್ಪತ್ರೆ ಇರೋದು?" ಎಂದು ಡಾಕ್ಟರಿಗೂ ಕೇಳುವಂತೆ ಗದರಿದೆ.

ಜಯಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಬಾಗಿಲ ಹತ್ತಿರ ನಿಧಾನ ಮಾಡಿದೆ. ಎಕ್ಕಡ ಹುಡುಕುವಂತೆ ನಟಿಸಿದೆ. ಎಕ್ಕಡ ಕಾಲಲ್ಲೇ ಇತ್ತು. ಮೆಟ್ಟಿಲ ಮೇಲೆ ನಿಂತು ಕೆಮ್ಮಿದೆ. ಒಳಗಿನಿಂದ ಕೂಗು ಬಂತು.

"ನೆಕ್ಸ್ಟ್!"

ಯಾರೂ ಕರೆಯಲಿಲ್ಲ! ಜಯಮ್ಮ ಮೆಟ್ಟಿಲ ಮೇಲೆಯೇ ಕುಸಿದು ಕೂತಳು. ಹಣೆಯಲ್ಲಿ ಬೆವರು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ನಿಮ್ಮ ದನದ ಯಾಪಾರ್ವ ನನ್ನ ಒಟ್ಟೆ ಮ್ಯಾಲೆ ಮಾಡ್‌ಬ್ಯಾಡಿ ಕನಿ" ಎಂದಳು, ಸಿಟ್ಟಿಲ್ಲದೆ.

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಬಾಬುವನ್ನು ಕಾವಲಿಗಿಟ್ಟು, ಒಬ್ಬನೇ ಡಾಕ್ಟರ ರೂಮಿಗೆ ನುಗ್ಗಿದೆ. ಇನ್ನು ಉಳಿದಿದ್ದು ನೇರ ಮಾತುಕತೆ. ಮಾತಾಡದ ಮಾತುಕತೆ!

ಡಾಕ್ಟರು ಏನೋ ಬರೆಯುತ್ತಿದ್ದರು. ಹೆಗಲ ಮೇಲಿನ ಟವಲ್ಲು ತೆಗೆದೆ. ಅವರ ಬಲಗೈ ಮೇಲೆ ಹೊದಿಸಿದೆ. ಕೆಳಗಿನಿಂದ ಕೈ ಹಾಕಿ ಅವರ ಮೂರು ಬೆರಳು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು, "ಊಂ?" ಎಂದೆ.

ಡಾಕ್ಟರು ಪೆನ್ನು ಬೀಳಿಸಿದರು. "ಏನ್ರೀ ಇದು? ಕೈ ಬಿಡ್ರೀ!"

ಕೈ ಎಳೆದುಕೊಂಡರೆ ಬೆಲೆ ಸಾಲದು ಎಂದರ್ಥ. ಇನ್ನರ್ಧ ಬೆರಳು ಸೇರಿಸಿದೆ. "ಊಂ?"

"ಸಿಸ್ಟರ್! ಬೇಗ ಬನ್ನಿ! ಇವ್ರಿಗೆ ಏನೋ ಆಗ್ತಿದೆ!"

ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಗಾಬರಿಗೆ ಮೈಯೆಲ್ಲಾ ಬೆವರಿ ನೀರಾಗಿತ್ತು. ಇಬ್ಬರು ನರ್ಸುಗಳು ಬಂದು ರಟ್ಟೆ ಹಿಡಿದರು. ತೋಳಿಗೆ ಪಟ್ಟಿ ಸುತ್ತಿ ಬುಸ್ಸು ಬುಸ್ಸೆಂದು ಗಾಳಿ ಹೊಡೆದರು. ಡಾಕ್ಟರು ಪಾದರಸದ ಕಡ್ಡಿ ನೋಡಿ ಹುಬ್ಬೇರಿಸಿದರು.

"ಯಾವಾಗಿಂದ ಇದೆ ಬಿಪಿ?"

"ಈಗ ತಾನೇ ಕೌಂಟರಿನಿಂದ ಬಂತು ಸ್ವಾಮಿ" ಎಂದೆ. ಯಾರೂ ನಗಲಿಲ್ಲ.

ಆಮೇಲೆ ನನ್ನ ಸವಾರಿ ಹೊರಟಿತು. ರಕ್ತ, ಎಕ್ಸರೇ, ಎದೆಗೆ ತಣ್ಣನೆಯ ಬಟ್ಟಲು ಅಂಟಿಸಿ ತೆಗೆಯುವ ಇಸಿಜಿ. ಹೆಂಡತಿ ನೋಡಿ ಬಂದ ಬಾಗಿಲುಗಳನ್ನೆಲ್ಲ ನಾನೂ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಮಂಚದ ಮೇಲೆ ಅಂಗಾತ ಮಲಗಿದ್ದೆ, ಕೈಗೆ ಗ್ಲೂಕೋಸು. ಪಕ್ಕದ ಸ್ಟೂಲಿನ ಮೇಲೆ, ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಕೂತಿದ್ದವಳು ಜಯಮ್ಮ!

ಬಾಬು ಬಾಗಿಲಲ್ಲಿ ಇಣುಕಿದ. "ಯಾ ಅಲ್ಲಾ! ಗೌಡ್ರೇ, ಬೆಳಿಗ್ಗೆ ನಾನು ಕರ್ಕೊಂಡು ಬಂದಿದ್ದು ಅಕ್ಕನ್ನ ಅಲ್ವಾ?"

"ಮುಚ್ಚಲಾ ಬಾಯ" ಎಂದೆ. ಗ್ಲೂಕೋಸು ಏರುತ್ತಿದ್ದರಿಂದ ದನಿ ಏರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಬಂದರು. ಆಪರೇಷನ್ ನಾಳೆಯೋ ನಾಡಿದ್ದೋ ಎಂದು ಕೇಳಿದರು. ನಾನು ತೂಕದ ಮಾತೊಂದನ್ನು ಹುಡುಕುತ್ತಿದ್ದೆ. ಜಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಸ್ವಾಮಿ, ಕುಯ್ಯದೆ ವಾಸಿ ಆಗಾಕಿಲ್ವಾ?"

ಅಷ್ಟೇ.  ಡಾಕ್ಟರು ಫಿಲ್ಮನ್ನು ಮತ್ತೆ ತರಿಸಿ ಕಿಟಕಿಗೆ ಹಿಡಿದರು.

"ಸಣ್ಣ ಕಲ್ಲಮ್ಮ. ಮಾತ್ರೆ ತಗೊಂಡು, ಚೆನ್ನಾಗಿ ನೀರು ಕುಡಿದ್ರೆ ತಾನಾಗೇ ಹೋದ್ರೂ ಹೋಯ್ತು. ಜ್ವರ ಬಂದ್ರೆ, ನೋವು ಜಾಸ್ತಿಯಾದ್ರೆ ತಕ್ಷಣ ಬರ್ಬೇಕು."

ನಾನು ಮಂಚದ ಮೇಲೆ ಅರ್ಧ ಎದ್ದೆ. "ಮತ್ತೆ ಬೆಳಿಗ್ಗೇನೆ ಯಾಕೆ ಯೋಳ್ನಿಲ್ಲ ಸ್ವಾಮಿ?"

"ನೀವು ಕೇಳಲಿಲ್ಲವಲ್ಲ ಗೌಡ್ರೇ. ರೇಟು ಕೇಳಿ ಎದ್ದು ಹೊರಟ್ರಿ."

ಎತ್ತು ಬೇಕೋ ಬೇಡವೋ ಎಂದು ಕೇಳದೆ ಬೆಲೆಗೆ ಕಿತ್ತಾಡಿದ ದಲ್ಲಾಳಿ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು!

ಡಾಕ್ಟರು ಹೋಗದೆ ಮಂಚದ ಕಾಲಿಗೆ ಒರಗಿ ನಿಂತರು. ದನಿ ತಗ್ಗಿಸಿ ಜಯಮ್ಮನಿಗೆ ಹೇಳಿದರು. "ಆ ಸ್ಕ್ಯಾನಿಂಗ್ ಮಿಷನ್ನು ಸಾಲ ಮಾಡಿ ತಂದದ್ದಮ್ಮ. ಅದರ ಕೆಳಗೆ ದಿನಾ ಯಾರಾದರೂ ಮಲಗದಿದ್ರೆ ರಾತ್ರಿ ನನಗೆ ಮಲಗೋಕಾಗಲ್ಲ."

ಜಯಮ್ಮ ಅವರ ಮುಖ ನೋಡಿದಳು. "ಊಟ ಮಾಡಿದ್ರಾ ಸ್ವಾಮಿ?" ಎಂದು ಕೇಳಿದಳು. ಅವರು ಗಡಿಯಾರ ನೋಡಿಕೊಂಡು ಹೊರಟುಹೋದರು. ನನಗೆ ಸಿಟ್ಟು ಮಾಡಿಕೊಳ್ಳಲು ಯಾರೂ ಉಳಿಯಲಿಲ್ಲ.

ಜಯಮ್ಮ ಕೊಡಗಟ್ಟಲೆ ನೀರು ಕುಡಿದಳು. ಕೆಲವು ವಾರದಲ್ಲಿ ಕಲ್ಲು ಬಿತ್ತು. ತೊಳೆದು ಅಂಗೈಯಲ್ಲಿಟ್ಟು ತೋರಿಸಿದಳು. ಹುರುಳಿಕಾಳಿಗಿಂತ ಸಣ್ಣದು! ಈಗ ಅವಳು ಹುಲ್ಲಿನ ಹೊರೆ ಹೊತ್ತು ನನಗಿಂತ ಮುಂದೆ ನಡೆಯುತ್ತಾಳೆ.

ನನ್ನ ಬಿಪಿ ಮಾತ್ರ ಊರಿಗೆ ಬಂದ ಮೇಲೂ ಇಳಿಯಲಿಲ್ಲ. ಅದು ನಿಜವಾದ ಬಿಪಿಯಂತೆ! ಸಾಯುವ ತನಕ ಮಾತ್ರೆ ನುಂಗಬೇಕಂತೆ. ತಿಂಗಳಿಗೊಮ್ಮೆ ಅದೇ ಮೆಡಿಕಲ್ ಸ್ಟೋರಿಗೆ ಹೋಗುತ್ತೇನೆ. ನನ್ನನ್ನು ಕಂಡರೆ ಅಂಗಡಿಯವನು ಎದ್ದು ನಿಂತು, "ಬನ್ನಿ ಗೌಡ್ರೇ, ಕೂತ್ಕಳಿ" ಎಂದು ಸ್ಟೂಲು ಒರೆಸಿ ಕೊಡುತ್ತಾನೆ. ಗುಣವಾಗಿ ಹೋದ ಜಯಮ್ಮನಿಗೆ ಅಲ್ಲಿ ಇಂಥ ಮರ್ಯಾದೆ ಇಲ್ಲ. ಖಾಯಂ ಗಿರಾಕಿ ನಾನಲ್ಲವೇ!