ಭಾವನವರ ವಾಗ್ದಾನದ ಕಾರ್ಡು

ದೇವರು ಸ್ವಲ್ಪ ಎಚ್ಚರಿಕೆಯಿಂದ ಮಾತನಾಡುವುದು ಒಳ್ಳೆಯದು, ಏಕೆಂದರೆ ತಿ. ನರಸೀಪುರದ ನಮ್ಮ ಭಾವನವರು ಕೇಳಿಸಿಕೊಳ್ಳುತ್ತಿರುತ್ತಾರೆ, ಕೇಳಿಸಿಕೊಂಡದ್ದನ್ನು ಅಕ್ಷರಶಃ ಮಾಡಿಬಿಡುತ್ತಾರೆ.

ಹೊಸ ವರ್ಷದ ಆರಾಧನೆ ಮುಗಿದೊಡನೆ ಚರ್ಚಿನಲ್ಲಿ ಒಂದು ತಟ್ಟೆ ಬರುತ್ತದೆ. ಅದರಲ್ಲಿ ಬೈಬಲ್ ವಾಕ್ಯಗಳ ಚಿಕ್ಕ ಕಾರ್ಡುಗಳನ್ನು ಮಗುಚಿಟ್ಟಿರುತ್ತಾರೆ. ಕೈಗೆ ಬಂದದ್ದೇ ಆ ವರ್ಷದ ವಾಗ್ದಾನ. ನಾವೆಲ್ಲ ಅದನ್ನು ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟು ಮರೆಯುತ್ತೇವೆ. ಭಾವನವರಿಗೆ ಅದು ಸರ್ಕಾರಿ ಆದೇಶ.

ಒಂದು ಮೈಲಿ ಕರೆದವನೊಡನೆ ಎರಡು ಮೈಲಿ ಹೋಗಬೇಕೆಂಬ ವಾಕ್ಯ ಬಂದ ವರ್ಷ, ತಲಕಾಡಿಗೆ ಹೊರಟ ಯಾತ್ರಿಕರೊಬ್ಬರು ಬಸ್ ನಿಲ್ದಾಣದ ದಾರಿ ಕೇಳಿದರು. ಭಾವನವರು ಜೊತೆಗೇ ನಡೆದರು. ನಿಲ್ದಾಣ ಬಂತು, ಹಿಂದಕ್ಕೂ ಹೋಯಿತು.

“ಬಸ್‌ಸ್ಟ್ಯಾಂಡು ಅಲ್ಲೇ ಆಯ್ತಲ್ಲ ಸಾ?”

“ಬನ್ನಿ ಬನ್ನಿ, ಇನ್ನೂ ಅಷ್ಟೇ ದೂರ ಐತೆ.”

ಬಸ್ಸು ಹೊರಟುಹೋಯಿತೆಂದು ಬೇರೆ ಹೇಳಬೇಕೆ? ಮುಂದಿಟ್ಟದ್ದನ್ನು ಉಣ್ಣಬೇಕೆಂದು ಬಂದ ವರ್ಷ, ಕವಲಂದೆಯ ನೆಂಟರ ಮನೆಯಲ್ಲಿ ನಾಲ್ಕನೆಯ ಮುದ್ದೆಯನ್ನು ಕಣ್ಣೀರಿನೊಡನೆ ನುಂಗಿದರು.

ಯಾರು, ಯಾರಿಗೆ, ಯಾವಾಗ ಹೇಳಿದರೆಂದು ತಿಳಿಯದೆ ಅರ್ಥ ಹೇಳಬಾರದೆಂದು ನಂಜನಗೂಡಿನ ಶಾಲೆಯ ಮಕ್ಕಳಿಗೆ ಕಲಿಸಿದ ಮೇಷ್ಟ್ರು ನಾನು. ಆದರೂ ಭಾವನವರನ್ನು ಕಂಡು ನಗುತ್ತಿದ್ದೆ, ಅಕ್ಕನ ಹೃದಯದ ಕವಾಟ ಕೆಡುವವರೆಗೆ. ಶಸ್ತ್ರಚಿಕಿತ್ಸೆಯನ್ನು ಮುಂದೂಡುವಂತಿಲ್ಲವೆಂದು ಮೈಸೂರಿನ ವೈದ್ಯರು ಹೇಳಿದರು. ಆ ವರ್ಷವೇ ಭಾವನವರಿಗೆ ಬರಬೇಕೆ, ಸುಮ್ಮನೆ ನಿಂತು ದೇವರ ಬಿಡುಗಡೆಯನ್ನು ನೋಡಬೇಕೆಂಬ ವಾಕ್ಯ!

“ಆಪರೇಷನ್ ಬೇಡ ಮೇಷ್ಟ್ರೇ. ನಿಂತು ನೋಡೋಣ.”

“ಭಾವ, ಅದು ಮುಂದೆ ಸಮುದ್ರ, ಹಿಂದೆ ಸೈನ್ಯ ಇದ್ದವರಿಗೆ ಮೋಶೆ ಹೇಳಿದ್ದು.”

“ನಮ್ದೇನು ಅದಕ್ಕಿಂತ ಕಮ್ಮಿನಾ ಈಗ?”

ಅವರ ಕಣ್ಣಿನಲ್ಲಿ ಹಠಕ್ಕಿಂತ ಭಯವೇ ಹೆಚ್ಚಾಗಿತ್ತು. ಒಳಗೆ ಅಕ್ಕನ ಏದುಸಿರು ಕೇಳಿಸುತ್ತಿತ್ತು, ದಿನಗಳು ಕಳೆಯುತ್ತಿದ್ದವು.

ಕಡೆಗೆ ಅಕ್ಕನೇ ಸೀರೆ ಮಡಿಸುತ್ತ ಹೇಳಿದಳು: “ರೀ, ಸುಮ್ನೆ ನಿಂತ್ಕೊ ಅಂತ ಬಂದಿರೋದು ನಿಮ್ಗೆ. ನನ್ ಕಾರ್ಡಲ್ಲಿ ಎದ್ದು ನಡಿ ಅಂತೈತೆ. ನಾನು ಹೊರಟೆ. ನೀವು ಬೇಕಾದ್ರೆ ಅಲ್ಲಿಗೆ ಬಂದು ನಿಂತ್ಕೊಳ್ಳಿ.”

ಉಸಿರಾಟದ ತೊಂದರೆಯಿಂದ ಆ ಹೊಸ ವರ್ಷಕ್ಕೆ ಚರ್ಚಿಗೇ ಬಾರದವಳಿಗೆ ಕಾರ್ಡು ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಭಾವನವರೂ ಕೇಳಲಿಲ್ಲ.

ಬಂದರು, ನಿಂತರು. ಆಪರೇಷನ್ ಥಿಯೇಟರಿನ ಬಾಗಿಲ ಮುಂದೆ, ಅಕ್ಕನ ಚಪ್ಪಲಿಗಳನ್ನು ಎದೆಗೊತ್ತಿಕೊಂಡು. ನರ್ಸ್ ಬೆಂಚು ತೋರಿಸಿದರೂ ಕೂರಲಿಲ್ಲ. ಮಧ್ಯಾಹ್ನ ವೈದ್ಯರು ಹೊರಬಂದು, ಎಲ್ಲವೂ ಸರಿಯಾಯಿತೆಂದರು.

“ಇನ್ನಾದರೂ ಕೂತ್ಕೊಳ್ಳಿ ಭಾವ.”

“ಅವಳು ಬಂದು ಇವನ್ನ ಮೆಟ್ಕೊಳ್ಳಲಿ, ಆಮೇಲೆ.”

ನಾನು ಒಂದು ಚಪ್ಪಲಿಯನ್ನು ಇಸಿದುಕೊಂಡು ಪಕ್ಕದಲ್ಲಿ ನಿಂತೆ.